ದಮ್ಮಿನ ಕಾಯಿಲೆಯವರು ಹೆಜ್ಜೆ ಎಣಿಸುವ ಯಂತ್ರವನ್ನು ಬಳಸುವ ಬಗೆ

ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದವರಲ್ಲಿ, ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡುತ್ತ ಬಂದ ಹೆಂಗಸರಲ್ಲಿ, ದೂಳಿನ ಕೆಲಸದಲ್ಲಿ ದುಡಿದವರಲ್ಲಿ ಕಾಣಿಸಿಕೊಳ್ಳುವ, ಇಲ್ಲಿ ದಮ್ಮು ಎಂದು ಕರೆದಿರುವ, ವೈದ್ಯರ ಚೀಟಿಯಲ್ಲಿ ಸಿಒಪಿಡಿ ಎಂದು ಬರೆದಿರುವ ಶ್ವಾಸಕೋಶದ ಕಾಯಿಲೆಗೆ ಒಂದು ವಿಚಿತ್ರ ಸ್ವಭಾವವಿದೆ. ನಡೆದರೆ ಏದುಸಿರು ಬರುತ್ತದೆ ಎಂದು ರೋಗಿ ನಡೆಯುವುದನ್ನು ಕಡಿಮೆ ಮಾಡುತ್ತಾರೆ. ನಡೆಯದ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಮೊದಲಿನಷ್ಟೇ ಕೆಲಸಕ್ಕೆ ಹೆಚ್ಚು ಗಾಳಿ ಬೇಡುವುದರಿಂದ ಮುಂದಿನ ಸಲ ಇನ್ನೂ ಬೇಗ ಏದುಸಿರು ಬರುತ್ತದೆ. ಇನ್‌ಹೇಲರ್ ಶ್ವಾಸನಾಳವನ್ನು ಸಡಿಲಗೊಳಿಸಬಲ್ಲದೇ ಹೊರತು ಸೊರಗಿದ ತೊಡೆಗೆ ಬಲ ತುಂಬಲಾರದು. ಆ ಬಲ ಬರುವುದು ಓಡಾಟದಿಂದ ಮಾತ್ರ. ಜರ್ಮನಿಯಲ್ಲಿ ಇಂಥ ರೋಗಿಗಳನ್ನು ಸುಮಾರು ನಾಲ್ಕು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಯಾರು ಹೆಚ್ಚು ದಿನ ಬದುಕುತ್ತಾರೆ ಎಂಬುದನ್ನು ಶ್ವಾಸಕೋಶದ ಪರೀಕ್ಷೆಯ ಅಂಕಿಗಳಿಗಿಂತ ದಿನನಿತ್ಯದ ಓಡಾಟದ ಪ್ರಮಾಣವೇ ಚೆನ್ನಾಗಿ ಸೂಚಿಸಿತು.

ಆದರೆ 'ಸ್ವಲ್ಪ ಓಡಾಡಿ' ಎಂಬ ಸಲಹೆ ಆಸ್ಪತ್ರೆಯ ಬಾಗಿಲು ದಾಟುವುದರೊಳಗೆ ಮರೆತುಹೋಗುತ್ತದೆ, ಏಕೆಂದರೆ ಎಷ್ಟು ಎಂಬುದು ಅದರಲ್ಲಿ ಇರುವುದಿಲ್ಲ. ಹೆಜ್ಜೆ ಎಣಿಸುವ ಯಂತ್ರ ಆ 'ಸ್ವಲ್ಪ'ಕ್ಕೆ ಒಂದು ಅಂಕಿ ಕೊಡುತ್ತದೆ. ಚಿಲಿ ದೇಶದಲ್ಲಿ ನೂರಕ್ಕೂ ಸ್ವಲ್ಪ ಹೆಚ್ಚು ಸಿಒಪಿಡಿ ರೋಗಿಗಳನ್ನು ಎರಡು ಗುಂಪು ಮಾಡಿ, ಎರಡೂ ಗುಂಪಿಗೆ ಓಡಾಟದ ಸಲಹೆ ನೀಡಿ, ಒಂದು ಗುಂಪಿಗೆ ಮಾತ್ರ ಪೆಡೋಮೀಟರ್ ಮತ್ತು ಹೆಜ್ಜೆಯ ಗುರಿಯನ್ನು ಕೊಟ್ಟು ನೋಡಿದರು. ಮೂರು ತಿಂಗಳ ಬಳಿಕ ಯಂತ್ರವಿದ್ದವರ ನಡಿಗೆ ದಿನಕ್ಕೆ ಸರಾಸರಿ 3,000 ಹೆಜ್ಜೆಗಳಷ್ಟು ಏರಿತ್ತು. ಬರಿಯ ಸಲಹೆ ಪಡೆದವರದು ನೂರಿನ್ನೂರು ಹೆಜ್ಜೆಯನ್ನೂ ದಾಟಿರಲಿಲ್ಲ. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಇಷ್ಟು ಫಲ ಸಿಗುತ್ತದೆ ಎಂದು ತಿಳಿಯಬಾರದು. ಇದಕ್ಕೆ ವಿರುದ್ಧವಾದ ಫಲಿತಾಂಶಗಳೂ ಇವೆ, ಅವುಗಳ ಮಾತು ಮುಂದೆ ಬರುತ್ತದೆ.

ಮೊದಲು ವೈದ್ಯರಲ್ಲಿ ಕೇಳಬೇಕಾದದ್ದು

ಯಂತ್ರ ಕೊಳ್ಳುವುದಕ್ಕೆ ಮುಂಚೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕಾಣಬೇಕು. ಅನೇಕ ಆಸ್ಪತ್ರೆಗಳಲ್ಲಿ ರೋಗಿಯನ್ನು ಉದ್ದನೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ, ಎಷ್ಟು ಮೀಟರ್ ಸಾಗಿದರು, ರಕ್ತದ ಆಮ್ಲಜನಕ ಎಷ್ಟಕ್ಕೆ ಇಳಿಯಿತು ಎಂದು ನೋಡುವ ಪರೀಕ್ಷೆ ಇದೆ. ಅದು ಆಗಿದ್ದರೆ ನಡಿಗೆಯ ಮಿತಿಯನ್ನು ಊಹಿಸುವ ಅಗತ್ಯವಿರುವುದಿಲ್ಲ. ನಡೆಯುವ ಮುನ್ನ ಇನ್‌ಹೇಲರ್ ತೆಗೆದುಕೊಳ್ಳಬೇಕೇ, ತೆಗೆದುಕೊಳ್ಳುವುದಾದರೆ ಯಾವುದನ್ನು ಎಷ್ಟು ನಿಮಿಷ ಮೊದಲು, ಆಮ್ಲಜನಕದ ಪ್ರಮಾಣ ಎಷ್ಟಕ್ಕಿಂತ ಕೆಳಗಿಳಿದರೆ ನಿಲ್ಲಬೇಕು, ಹೃದಯದ ತೊಂದರೆಯೂ ಇದ್ದರೆ ಯಾವ ಎಚ್ಚರ ಬೇಕು ಎಂಬುದನ್ನು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಆಮ್ಲಜನಕದ ಯಂತ್ರ ಬಳಸುವವರು ನಡೆಯುವಾಗ ಅದರ ಮಟ್ಟ ಎಷ್ಟಿರಬೇಕು ಎಂಬುದನ್ನು ತಾವೇ ತೀರ್ಮಾನಿಸಬಾರದು. ಹತ್ತಿರದಲ್ಲಿ ವ್ಯಾಯಾಮವನ್ನೂ ಉಸಿರಾಟದ ಅಭ್ಯಾಸವನ್ನೂ ಕಲಿಸುವ ಶ್ವಾಸಕೋಶದ ಪುನಶ್ಚೇತನ ತರಬೇತಿ ಸಿಗುವುದಾದರೆ ಮೊದಲು ಅದಕ್ಕೆ ಸೇರಬೇಕು. ಹೆಜ್ಜೆ ಎಣಿಕೆ ಆ ತರಬೇತಿಯ ಜಾಗದಲ್ಲಿ ನಿಲ್ಲುವಂಥದ್ದಲ್ಲ.

ಯಾವ ಯಂತ್ರ, ಎಲ್ಲಿ ಧರಿಸಬೇಕು

ಮೊಬೈಲ್ ಫೋನು ಹೇಗೂ ಮನೆಯಲ್ಲಿದೆ, ಅದರಲ್ಲೇ ಹೆಜ್ಜೆ ಎಣಿಸುವ ಆ್ಯಪ್ ಇದೆ ಎಂದು ಹೆಚ್ಚಿನವರು ಅಲ್ಲಿಂದ ಆರಂಭಿಸುತ್ತಾರೆ. ಫೋನು ಮೈಮೇಲೆ ಇದ್ದಾಗ ಮಾತ್ರ ಎಣಿಸುತ್ತದೆ ಎಂಬುದೇ ಇಲ್ಲಿನ ತೊಡಕು. ಸೀರೆ ಉಟ್ಟವರ ಫೋನು ಅಡುಗೆಮನೆಯ ಕಟ್ಟೆಯ ಮೇಲಿರುತ್ತದೆ. ಪಂಚೆ ಉಟ್ಟವರದು ಮಂಚದ ಮೇಲೆ ಚಾರ್ಜಿಗೆ ಬಿದ್ದಿರುತ್ತದೆ. ಹಿತ್ತಲಿಗೆ, ದೇವರ ಕೋಣೆಗೆ, ಬಟ್ಟೆ ಒಣಹಾಕುವ ತಂತಿಯ ಬಳಿಗೆ ಓಡಾಡಿದ ಹೆಜ್ಜೆಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ದಮ್ಮಿನ ರೋಗಿಯ ದಿನದ ನಡಿಗೆಯ ಬಹುಪಾಲು ಇಂಥದ್ದೇ ಆಗಿರುವುದರಿಂದ ಫೋನನ್ನು ನಂಬಿದರೆ ಅಂಕಿ ವಿನಾಕಾರಣ ಕಡಿಮೆಯಾಗಿ ಕಂಡು ಮನಸ್ಸು ಮುದುಡುತ್ತದೆ. ಫೋನೇ ಸಾಕು ಎನ್ನುವವರು ಅದಕ್ಕೊಂದು ಸಣ್ಣ ಚೀಲ ಹೊಲಿಸಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು.

ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರನ್ನು ಪ್ಯಾಂಟಿನ ಪಟ್ಟಿಗೋ ಲಂಗದ ಲಾಡಿಯ ಬಳಿಗೋ, ತೊಡೆಯ ನಡುಗೆರೆಗೆ ನೇರವಾಗಿ ಬರುವಂತೆ, ಅತ್ತಿತ್ತ ವಾಲದಂತೆ ಸಿಕ್ಕಿಸಬೇಕು. ಹೊಟ್ಟೆ ಮುಂದೆ ಬಂದವರಲ್ಲಿ ಅದು ಮುಂದಕ್ಕೆ ಬಾಗಿ ಎಣಿಕೆ ತಪ್ಪುತ್ತದೆ. ಅವರು ಪಕ್ಕಕ್ಕೆ ಧರಿಸುವುದು ಮೇಲು. ಮಣಿಕಟ್ಟಿಗೆ ಕಟ್ಟುವ ಬ್ಯಾಂಡ್ ಅಥವಾ ಸ್ಮಾರ್ಟ್ ವಾಚ್ ದಿನವಿಡೀ ಮೈಮೇಲೆ ಇರುವುದರಿಂದ ಸಾಮಾನ್ಯವಾಗಿ ಹೆಚ್ಚು ಅನುಕೂಲ. ಅದಕ್ಕೂ ಒಂದು ಕುಂದಿದೆ: ಕೈ ಬೀಸುವುದನ್ನು ನೋಡಿ ಅದು ಹೆಜ್ಜೆಯನ್ನು ಊಹಿಸುತ್ತದೆ. ಊರುಗೋಲು ಅಥವಾ ವಾಕರ್ ಹಿಡಿದವರ, ಎರಡೂ ಕೈಯಲ್ಲಿ ಚೀಲ ಹಿಡಿದವರ ಹೆಜ್ಜೆಗಳನ್ನು ಅದು ಬಿಟ್ಟುಬಿಡಬಹುದು. ಕುಳಿತು ಚಪಾತಿ ಲಟ್ಟಿಸಿದ್ದನ್ನು ಹೆಜ್ಜೆಯೆಂದು ಸೇರಿಸಿಕೊಳ್ಳಲೂಬಹುದು. ಹಳ್ಳಕೊಳ್ಳದ ರಸ್ತೆಯಲ್ಲಿ ಆಟೋದಲ್ಲಿ ಹೋಗಿಬಂದ ದಿನ ಕೆಲವು ಯಂತ್ರಗಳು ಧಾರಾಳವಾಗಿ ಹೆಜ್ಜೆ ದಯಪಾಲಿಸುವುದೂ ಉಂಟು. ಆ ದಿನದ ಅಂಕಿಗೆ ಖುಷಿಪಡಬೇಕಾದದ್ದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಧಾನ ನಡಿಗೆಯ ಪ್ರಶ್ನೆ. ಹೆಚ್ಚಿನ ಯಂತ್ರಗಳನ್ನು ಆರೋಗ್ಯವಂತರ ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಿಸಿರುತ್ತಾರೆ. ಗಂಟೆಗೆ ಸುಮಾರು ಮೂರು ಕಿಲೋಮೀಟರಿಗಿಂತ ನಿಧಾನವಾಗಿ, ಕಾಲು ಎಳೆದುಕೊಂಡು ನಡೆಯುವವರ ಹೆಜ್ಜೆಗಳನ್ನು, ಅದರಲ್ಲೂ ಅಗ್ಗದ ಸ್ಪ್ರಿಂಗ್ ಪೆಡೋಮೀಟರ್, ಎಷ್ಟೋ ಸಲ ಗುರುತಿಸುವುದೇ ಇಲ್ಲ. ಹಾಗಾಗಿ ಕೊಂಡ ದಿನವೇ ಪರೀಕ್ಷೆ ಮಾಡಿನೋಡಬೇಕು. ಯಂತ್ರದ ಅಂಕಿಯನ್ನು ಬರೆದಿಟ್ಟುಕೊಂಡು, ರೋಗಿ ತಮ್ಮ ಎಂದಿನ ವೇಗದಲ್ಲಿ ನಡೆಯುವಾಗ ಮನೆಯವರೊಬ್ಬರು ಪಕ್ಕದಲ್ಲಿದ್ದು ನೂರು ಹೆಜ್ಜೆಯನ್ನು ಬಾಯಲ್ಲಿ ಎಣಿಸಬೇಕು. ನಡುವೆ ದಣಿವಾದರೆ ನಿಂತು ಮುಂದುವರಿಸಬಹುದು. ಅಂಕಿ ತೊಂಬತ್ತರಿಂದ ನೂರಹತ್ತರೊಳಗೆ ಏರಿದ್ದರೆ ಯಂತ್ರ ನಂಬಬಹುದಾದದ್ದು. ಎಂಬತ್ತನ್ನೂ ಮುಟ್ಟದಿದ್ದರೆ ಧರಿಸುವ ಜಾಗ ಬದಲಿಸಿ ಮತ್ತೆ ನೋಡಬೇಕು. ಆಗಲೂ ಸರಿಹೋಗದಿದ್ದರೆ ಬೇರೆ ಯಂತ್ರ ಬೇಕು. ಇದು ನನ್ನ ಲೆಕ್ಕಾಚಾರದ ಗೆರೆ, ಕಟ್ಟಳೆಯೇನಲ್ಲ. ತಪ್ಪು ಸ್ವಲ್ಪ ಇದ್ದರೂ ಅದು ದಿನವೂ ಒಂದೇ ರೀತಿಯಲ್ಲಿದ್ದರೆ ನಷ್ಟವಿಲ್ಲ, ಏಕೆಂದರೆ ಇಲ್ಲಿ ಹೋಲಿಸಬೇಕಾದದ್ದು ರೋಗಿಯ ಇಂದಿನ ಅಂಕಿಯನ್ನು ಅವರದೇ ಹಿಂದಿನ ವಾರದ ಅಂಕಿಯೊಡನೆ. ಇದೇ ಕಾರಣಕ್ಕೆ ಒಂದು ದಿನ ಫೋನು, ಮರುದಿನ ಬ್ಯಾಂಡ್ ಎಂದು ಬದಲಾಯಿಸುತ್ತ ಹೋಗಬಾರದು.

ಗುರಿ ಇಲ್ಲದ ಮೊದಲ ವಾರ

ಮೊದಲ ಏಳು ದಿನ ಯಾವ ಗುರಿಯೂ ಬೇಡ. ಬೆಳಗ್ಗೆ ಎದ್ದ ಕೂಡಲೇ ಯಂತ್ರ ಧರಿಸಿ, ಸ್ನಾನದ ಹೊತ್ತು ಬಿಟ್ಟು ಮಲಗುವ ತನಕ ಮೈಮೇಲಿಟ್ಟುಕೊಂಡು, ಎಂದಿನಂತೆಯೇ ಇದ್ದು, ರಾತ್ರಿ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆಯಬೇಕು. ಹೊಸ ಯಂತ್ರದ ಹುರುಪಿನಲ್ಲಿ ಮೊದಲ ಎರಡು ದಿನ ಎಲ್ಲರೂ ಸ್ವಲ್ಪ ಹೆಚ್ಚೇ ನಡೆಯುತ್ತಾರೆ. ಒಂದು ವಾರದ ಅಂಕಿ ತೆಗೆದುಕೊಂಡರೆ ಆ ಏರಿಳಿತ ಸಮವಾಗುತ್ತದೆ.

ಒಂದು ಉದಾಹರಣೆಯನ್ನು ಎಣಿಸಿಯೇ ನೋಡೋಣ. ಹಳ್ಳಿಯ ಮನೆಯಲ್ಲಿ ಬಹುಕಾಲ ಸೌದೆ ಒಲೆಯ ಮುಂದೆ ಕಳೆದ ಒಬ್ಬ ಅಜ್ಜಿಯ ಕ್ಯಾಲೆಂಡರಿನಲ್ಲಿ ಸೋಮವಾರದಿಂದ 2,150, 1,900, 2,600, 1,450, 2,300, 2,050 ಮತ್ತು 1,550 ಎಂದು ಬರೆದಿದೆ ಎಂದುಕೊಳ್ಳೋಣ. ಒಟ್ಟು 14,000, ಏಳರಿಂದ ಭಾಗಿಸಿದರೆ 2,000. ಇದು ಅವರ ಬುನಾದಿ. ನಡುವೆ ಒಂದು ದಿನ ನೆಂಟರ ಮದುವೆಗೆ ಹೋಗಿ 5,800 ಬಂದಿದ್ದರೆ ಆ ದಿನವನ್ನು ಕೈಬಿಟ್ಟು ಉಳಿದ ಆರು ದಿನಗಳ ಸರಾಸರಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಬುನಾದಿಯೇ ಎತ್ತರವಾಗಿ ಮುಂದಿನ ಗುರಿ ಕೈಗೆಟುಕದಂತಾಗುತ್ತದೆ.

ಹತ್ತು ಸಾವಿರವನ್ನು ಅಳಿಸಿ ನಿಮ್ಮ ಗುರಿಯನ್ನು ಬರೆಯಿರಿ

ಬಹಳಷ್ಟು ಯಂತ್ರಗಳು ದಿನಕ್ಕೆ 10,000 ಹೆಜ್ಜೆಯ ಗುರಿಯೊಂದಿಗೇ ಬರುತ್ತವೆ. ಆ ಸಂಖ್ಯೆಯ ಮೂಲ ವೈದ್ಯಕೀಯ ಸಂಶೋಧನೆಯಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸ ಎಂಬ ಕಂಪನಿ ಮಾರುಕಟ್ಟೆಗೆ ತಂದ ಪೆಡೋಮೀಟರಿನ ಹೆಸರು ಮಾನ್ಪೋ-ಕೇ, ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರಾಟಕ್ಕೆಂದು ಇಟ್ಟ ಹೆಸರು ಜಗತ್ತಿನ ಗುರಿಯಾಗಿ ಕೂತಿತು. ಎರಡು ಸಾವಿರ ಹೆಜ್ಜೆ ನಡೆಯುವ ರೋಗಿಗೆ ಪ್ರತಿ ಸಂಜೆ ಯಂತ್ರ ಶೇಕಡ ಇಪ್ಪತ್ತು ಎಂದು ತೋರಿಸಿದರೆ ಅವರು ಮೂರನೇ ವಾರಕ್ಕೆ ಅದನ್ನು ಬಿಚ್ಚಿ ಕಪಾಟಿಗೆ ಸೇರಿಸುತ್ತಾರೆ. ಆದ್ದರಿಂದ ಸೆಟ್ಟಿಂಗ್ಸ್‌ಗೆ ಹೋಗಿ ಆ ಗುರಿಯನ್ನು ಬದಲಿಸುವುದು ಮೊದಲ ಕೆಲಸ. ಮನೆಯ ಮಕ್ಕಳು ಇದನ್ನು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಸಂಶೋಧನೆಯಿಂದ ತಿಳಿದುಬಂದಿರುವ ಉಪಯುಕ್ತ ಸಂಖ್ಯೆ ಬೇರೆಯೇ ಇದೆ. ಸಿಒಪಿಡಿ ರೋಗಿಯ ದಿನದ ನಡಿಗೆ ಬುನಾದಿಗಿಂತ ಸುಮಾರು 600ರಿಂದ 1,100 ಹೆಜ್ಜೆಗಳಷ್ಟು ಏರಿದರೆ ಅದು ಲೆಕ್ಕಕ್ಕೆ ಬರುವ ಸುಧಾರಣೆ ಎಂದು 2016ರಲ್ಲಿ ಯುರೋಪಿನ ಸಂಶೋಧಕರು ತೋರಿಸಿದರು. ಅಷ್ಟು ಏರಿದವರಲ್ಲಿ ಆಸ್ಪತ್ರೆ ಸೇರುವ ಸಂಭವವೂ ಕಡಿಮೆಯಿತ್ತು. ನಮ್ಮ ಉದಾಹರಣೆಯ ಅಜ್ಜಿಗೆ ಇದು ದಿನಕ್ಕೆ ಮೂರು ಸಾವಿರದ ಆಸುಪಾಸು. ಅಲ್ಲಿಗೆ ಒಮ್ಮೆಗೇ ಹಾರಬೇಕಿಲ್ಲ. ಬುನಾದಿಯ ಮೇಲೆ ಹತ್ತರಿಂದ ಹದಿನೈದು ಪ್ರತಿಶತ ಸೇರಿಸಿ, ಎಂದರೆ 2,200 ಅಥವಾ 2,300ರ ಗುರಿಯನ್ನು ಒಂದು ವಾರಕ್ಕೆ ಇಟ್ಟುಕೊಳ್ಳಬೇಕು. ಏಳರಲ್ಲಿ ಐದು ದಿನ ಅದನ್ನು ಮುಟ್ಟಿದರೆ ಮುಂದಿನ ವಾರ ಮತ್ತೆ ಅಷ್ಟೇ ಏರಿಸಬಹುದು. ಮುಟ್ಟದಿದ್ದರೆ ಅದೇ ಗುರಿಯಲ್ಲಿ ಇನ್ನೊಂದು ವಾರ ಉಳಿಯಬೇಕು. ಎರಡು ವಾರವಾದರೂ ಆಗದಿದ್ದರೆ ಗುರಿಯನ್ನು ಇಳಿಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಹೆಜ್ಜೆಗಳನ್ನು ದಿನದಲ್ಲಿ ಹಂಚಿಕೊಳ್ಳುವುದು

ಹೆಚ್ಚುವರಿ 300 ಹೆಜ್ಜೆ ಎಂದರೆ ನಿಧಾನ ನಡಿಗೆಯಲ್ಲೂ ಐದಾರು ನಿಮಿಷದ ಮಾತು. ಅದನ್ನು ಒಂದೇ ಸಲ ನಡೆಯಬೇಕೆಂದಿಲ್ಲ. ಜಗಲಿಯ ಈ ಕೊನೆಯಿಂದ ಆ ಕೊನೆಗೆ ಎಷ್ಟು ಹೆಜ್ಜೆ ಎಂದು ಒಮ್ಮೆ ಎಣಿಸಿಟ್ಟುಕೊಂಡರೆ ಮುಂದಿನದು ಸುಲಭ: ಇಪ್ಪತ್ತೈದು ಹೆಜ್ಜೆಯ ಜಗಲಿಯಲ್ಲಿ ನಾಲ್ಕು ಸಲ ಹಾಯ್ದರೆ ನೂರು. ಬೆಳಗಿನ ತಿಂಡಿಗೆ ಮುಂಚೆ ನೂರು, ಹನ್ನೊಂದರ ಹೊತ್ತಿಗೆ ನೂರು, ಸಂಜೆ ದೀಪ ಹಚ್ಚುವ ಮುನ್ನ ನೂರು. ನಡುವೆ ಕೂರಲು ಒಂದು ಕುರ್ಚಿ ಹತ್ತಿರವೇ ಇರಲಿ. ಹೊಟ್ಟೆತುಂಬ ಉಂಡ ಕೂಡಲೇ ನಡೆಯುವುದು ಬೇಡ, ಏಕೆಂದರೆ ತುಂಬಿದ ಹೊಟ್ಟೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯನ್ನು ಮೇಲಕ್ಕೆ ಒತ್ತಿ ಉಸಿರನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ನಡೆಯುವಾಗ ಮೂಗಿನಿಂದ ಉಸಿರೆಳೆದುಕೊಂಡು, ಸಿಳ್ಳೆ ಹಾಕುವವರ ಹಾಗೆ ತುಟಿ ಕೂಡಿಸಿ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಬಿಡಬೇಕು. ಎರಡು ಹೆಜ್ಜೆಗೆ ಎಳೆದುಕೊಂಡು ನಾಲ್ಕು ಹೆಜ್ಜೆಗೆ ಬಿಡುವ ಲಯ ಹಲವರಿಗೆ ಹೊಂದುತ್ತದೆ. ಈ ಕಾಯಿಲೆಯಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಒಳಗೆ ಸಿಕ್ಕಿಕೊಂಡ ಗಾಳಿ ಪೂರ್ತಿ ಹೊರಬರದೆ ಮುಂದಿನ ಉಸಿರಿಗೆ ಜಾಗ ಸಿಗುವುದಿಲ್ಲ. ಏದುಸಿರನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ತಾವೇ ಅಂದಾಜು ಮಾಡಿಕೊಂಡು, ಮೂರು ನಾಲ್ಕರ ಮಟ್ಟದಲ್ಲಿ ನಡೆಯಬೇಕು. ಒಂದು ಸಣ್ಣ ವಾಕ್ಯ ಹೇಳಲು ಸಾಧ್ಯವಾಗಬೇಕು, ಹಾಡು ಹೇಳಲು ಆಗದಿದ್ದರೆ ಚಿಂತೆಯಿಲ್ಲ. ಸ್ವಲ್ಪವೂ ಏದುಸಿರು ಬರಬಾರದು ಎಂದುಕೊಂಡರೆ ಪ್ರಯೋಜನವೂ ಆಗುವುದಿಲ್ಲ. ಬಂದ ಏದುಸಿರು ಕೆಲವೇ ನಿಮಿಷದಲ್ಲಿ ಇಳಿಯುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಹೆಚ್ಚಾದಾಗ ಗೋಡೆಗೋ ಕುರ್ಚಿಯ ಬೆನ್ನಿಗೋ ಕೈಯೂರಿ, ಸ್ವಲ್ಪ ಮುಂದಕ್ಕೆ ಬಾಗಿ ನಿಂತರೆ ಉಸಿರು ಸಡಿಲವಾಗುತ್ತದೆ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಇರುವವರು ನಡಿಗೆಯ ನಡುವೆ ಒಮ್ಮೆ ನೋಡಿಕೊಳ್ಳಬಹುದು. ವೈದ್ಯರು ಬೇರೆ ಮಿತಿ ಹೇಳಿಲ್ಲದಿದ್ದರೆ ಶೇಕಡ 88ಕ್ಕಿಂತ ಕೆಳಗೆ ಇಳಿದಾಗ ನಿಂತು ವಿಶ್ರಮಿಸುವುದು, ಪದೇ ಪದೇ ಹಾಗಾದರೆ ವೈದ್ಯರಿಗೆ ತಿಳಿಸುವುದು ರೂಢಿ. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣ ಹಚ್ಚಿದ್ದರೆ ಅದರ ಅಂಕಿಯನ್ನು ನಂಬಲಾಗದು. ಮೆಟ್ಟಿಲಿನ ವಿಷಯದಲ್ಲೂ ಎಚ್ಚರ ಬೇಕು: ಯಂತ್ರ ಮೆಟ್ಟಿಲಿನ ಹೆಜ್ಜೆಯನ್ನೂ ಸಮತಟ್ಟು ನೆಲದ ಹೆಜ್ಜೆಯನ್ನೂ ಒಂದೇ ಎಂದು ಎಣಿಸುತ್ತದೆ, ಶ್ವಾಸಕೋಶ ಹಾಗೆ ಎಣಿಸುವುದಿಲ್ಲ. ಮೇಲಿನ ಮಹಡಿಯಲ್ಲಿ ವಾಸವಿರುವವರ 2,000 ಮತ್ತು ನೆಲಮಹಡಿಯವರ 2,000 ಸಮವಲ್ಲ.

ನಸುಕಿನ ವಾಯುವಿಹಾರ ಎಲ್ಲರಿಗೂ ಒಳ್ಳೆಯದೆಂಬ ನಂಬಿಕೆ ಈ ರೋಗಿಗಳಿಗೆ ಅನ್ವಯಿಸುವುದಿಲ್ಲ. ಪುಷ್ಯ ಮಾಘದ ಚಳಿಗಾಳಿ ಶ್ವಾಸನಾಳವನ್ನು ಬಿಗಿಯಾಗಿಸುತ್ತದೆ. ಮಂಜು ಕವಿದ ಬೆಳಗಿನಲ್ಲಿ ವಾಹನಗಳ ಹೊಗೆ, ಬೀದಿಬದಿಯಲ್ಲಿ ತರಗೆಲೆ ಸುಡುವ ಹೊಗೆ ನೆಲದ ಹತ್ತಿರವೇ ನಿಂತಿರುತ್ತದೆ. ಬಿಸಿಲು ಏರಿ ಮಂಜು ಕರಗಿದ ಮೇಲೆ ಹೊರಡುವುದು ಮೇಲು. ದೀಪಾವಳಿಯ ಪಟಾಕಿಯ ದಿನಗಳಲ್ಲಿ, ಮಲೆನಾಡಿನಲ್ಲಿ ಅಂಗಳ ಪಾಚಿಗಟ್ಟಿ ಜಾರುವ ಮಳೆಗಾಲದಲ್ಲಿ ನಡುಮನೆಯಲ್ಲೇ ನಡೆಯಬೇಕು. ಹೆಜ್ಜೆ ಎಣಿಸುವ ಯಂತ್ರದ ದೊಡ್ಡ ಉಪಕಾರ ಇದೇ ಎಂದು ನನಗನಿಸುತ್ತದೆ: ಮನೆಯೊಳಗಿನ ನಡಿಗೆಗೂ ಅದು ಲೆಕ್ಕ ಕೊಡುತ್ತದೆ, ಪಾರ್ಕಿಗೆ ಹೋಗಲಾಗದವರನ್ನೂ ಸೋತವರೆಂದು ಎಣಿಸುವುದಿಲ್ಲ.

ಕ್ಯಾಲೆಂಡರು ಮತ್ತು ಮನೆಯವರು

ಯಂತ್ರ ತಾನಾಗಿಯೇ ಯಾರನ್ನೂ ನಡೆಸುವುದಿಲ್ಲ. ಅಮೆರಿಕದಲ್ಲಿ ಪೆಡೋಮೀಟರಿನ ಜೊತೆಗೆ ವಾರವಾರದ ಗುರಿ ಮತ್ತು ಪ್ರೋತ್ಸಾಹದ ಸಂದೇಶಗಳನ್ನು ಕೊಟ್ಟು ನಡೆಸಿದ ಪ್ರಯೋಗದಲ್ಲಿ ನಾಲ್ಕು ತಿಂಗಳಿಗೆ ದಿನಕ್ಕೆ ಸುಮಾರು 780 ಹೆಜ್ಜೆಗಳ ಲಾಭ ಕಂಡಿತು. ಆ ಬೆಂಬಲ ಸಡಿಲಗೊಂಡ ಮೇಲೆ, ವರ್ಷ ತುಂಬುವ ಹೊತ್ತಿಗೆ, ವ್ಯತ್ಯಾಸ ಉಳಿಯಲಿಲ್ಲ. ಬ್ರಿಟನ್ನಿನಲ್ಲಿ ಪುನಶ್ಚೇತನ ತರಬೇತಿ ಪಡೆಯುತ್ತಿದ್ದವರಿಗೆ ಪೆಡೋಮೀಟರಿನ ಗುರಿಯನ್ನೂ ಸೇರಿಸಿ ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುವರಿ ಲಾಭವೇ ಕಾಣಲಿಲ್ಲ. ಈ ಎರಡನ್ನೂ ಚಿಲಿಯ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಅಂಕಿಯನ್ನು ಯಾರೋ ಒಬ್ಬರು ರೋಗಿಯ ಜೊತೆ ಕೂತು ನೋಡುತ್ತಿರಬೇಕು, ಗುರಿ ಆ ವಾರದ ಸ್ಥಿತಿಗೆ ತಕ್ಕಂತೆ ಬದಲಾಗುತ್ತಿರಬೇಕು.

ಮನೆಯಲ್ಲಿ ಈ ಕೆಲಸಕ್ಕೆ ಒಬ್ಬರು ಸಾಕು. ರಾತ್ರಿ ಊಟಕ್ಕೆ ಕರೆಯುವಾಗ ಸೊಸೆ "ಮಾವ, ಇವತ್ತು ಎಷ್ಟಾಯ್ತು?" ಎಂದು ಕೇಳಿ ಕ್ಯಾಲೆಂಡರಿನಲ್ಲಿ ಬರೆದರೆ ಅದೇ ಪ್ರೋತ್ಸಾಹ. ದೂರದ ಊರಿನಲ್ಲಿರುವ ಮಗಳಿಗೆ ವಾಟ್ಸಾಪಿನಲ್ಲಿ ಅಂಕಿ ಕಳಿಸುವವರೂ ಇದ್ದಾರೆ. "ನಿನ್ನೆ ಎರಡು ಸಾವಿರ ನಡೆದಿರಿ, ಇವತ್ತು ಯಾಕೆ ಸಾವಿರದ ಇನ್ನೂರು?" ಎಂಬ ಧಾಟಿಯ ವಿಚಾರಣೆ ಮಾತ್ರ ಕೂಡದು. ಹಾಗೆ ಕೇಳಿಸಿಕೊಂಡವರು ಕುಳಿತಲ್ಲೇ ಕೈ ಅಲ್ಲಾಡಿಸಿ ಅಂಕಿ ಏರಿಸುವುದನ್ನು ಕಲಿಯುತ್ತಾರೆ. ಅಂಕಿಯ ಪಕ್ಕದಲ್ಲಿ ಒಂದೆರಡು ಪದಗಳ ಟಿಪ್ಪಣಿಯೂ ಇರಲಿ: 'ಮಳೆ', 'ಮಂಡಿನೋವು', 'ನೆಂಟರು', 'ಕೆಮ್ಮು ಜಾಸ್ತಿ'. ತಿಂಗಳ ಕೊನೆಯಲ್ಲಿ ಇಳಿದ ದಿನಗಳ ಕಾರಣ ಅದರಲ್ಲೇ ಓದಬಹುದು.

ಅಂಕಿ ಇಳಿದಾಗ

ಹೊರಗಿನ ಯಾವ ಕಾರಣವೂ ಇಲ್ಲದೆ ಎರಡು ಮೂರು ದಿನ ಸತತವಾಗಿ ಹೆಜ್ಜೆ ಕುಸಿದರೆ ಅದನ್ನು ಸೋಮಾರಿತನ ಎಂದುಕೊಳ್ಳದೆ ಕಾಯಿಲೆ ಉಲ್ಬಣಿಸುತ್ತಿದೆಯೇ ಎಂದು ನೋಡಬೇಕು. ಕಫ ಹೆಚ್ಚಾಗಿದೆಯೇ, ಅದರ ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗಿದೆಯೇ, ಜ್ವರವಿದೆಯೇ, ಇನ್‌ಹೇಲರ್ ಎಂದಿಗಿಂತ ಹೆಚ್ಚು ಸಲ ಬೇಕಾಗುತ್ತಿದೆಯೇ, ರಾತ್ರಿ ಎದ್ದು ಕೂರುವಂತಾಗಿದೆಯೇ ಎಂದು ವಿಚಾರಿಸಿ, ಒಂದಾದರೂ ಹೌದು ಎಂದಾದರೆ ಅಂದೇ ವೈದ್ಯರನ್ನು ಸಂಪರ್ಕಿಸಬೇಕು. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ, ಎದೆಬಡಿತ ತಾಳ ತಪ್ಪಿದರೆ ಅಲ್ಲೇ ನಿಂತು ಕೂರಬೇಕು. ಕೂತರೂ ಕಡಿಮೆಯಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಒಂದು ವಾಕ್ಯವನ್ನೂ ಪೂರ್ತಿ ಹೇಳಲಾಗದಷ್ಟು ಉಸಿರು ಕಟ್ಟಿದರೆ, ಮಂಪರು ಕವಿದು ಮಾತು ಅಸಂಬದ್ಧವಾದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಉಲ್ಬಣದ ದಿನಗಳಲ್ಲಿ ಗುರಿಯನ್ನು ಪೂರ್ತಿ ಬದಿಗಿಡಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಹಳೆಯ ಗುರಿಗೆ ಮರಳುವ ಆತುರವೂ ಬೇಡ. ವೈದ್ಯರು ನಡೆಯಬಹುದೆಂದ ಮೇಲೆ ಮತ್ತೆ ಒಂದು ವಾರ ಗುರಿಯಿಲ್ಲದೆ ಅಂಕಿ ಬರೆದು, ಹೊಸ ಬುನಾದಿಯಿಂದಲೇ ಲೆಕ್ಕ ಶುರು ಮಾಡಬೇಕು. 3,000ಕ್ಕೆ ತಲುಪಿದ್ದವರು 1,200ರಿಂದ ಆರಂಭಿಸಬೇಕಾಗಿ ಬಂದರೆ ಬೇಸರವಾಗುವುದು ಸಹಜ. ಹಳೆಯ ಹಾಳೆಯನ್ನು ಹರಿಯದೆ ಹಿಂದಕ್ಕೆ ಮಡಚಿಡಿ. ಮುಂದಿನ ಭೇಟಿಯಲ್ಲಿ ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ಎರಡೂ ಹಾಳೆಗಳನ್ನು ಒಟ್ಟಿಗೆ ತೋರಿಸಿದರೆ, 'ಪರವಾಗಿಲ್ಲ, ಓಡಾಡ್ತೀನಿ' ಎಂಬ ಉತ್ತರದಿಂದ ಅವರಿಗೆ ತಿಳಿಯದೆ ಉಳಿಯುವ ಸಂಗತಿ ಅಲ್ಲಿ ಕಾಣುತ್ತದೆ, ಔಷಧಿಯ ಪ್ರಮಾಣವನ್ನೂ ಮುಂದಿನ ಗುರಿಯನ್ನೂ ಅದನ್ನು ನೋಡಿಯೇ ಗೊತ್ತುಮಾಡಬಹುದು.